ಫ್ಯೂಸಿಲ್ಲದೆ ಓಡಿದ ಮೆಷಿನ್

ಇಂಥ ಸಂಗತಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚಳ್ಳಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಬ್ಯಾಟರಿ, ಇನ್ವರ್ಟರ್ ರಿಪೇರಿ ಮಾಡುತ್ತಿದ್ದೇನೆ. ‘ಮನೆಯಲ್ಲಿ ಲೈಟು ತಾನಾಗಿಯೇ ಹತ್ತುತ್ತದೆ, ಯಾರೋ ಏನೋ ಮಾಡಿಸಿದ್ದಾರೆ’ ಎಂದು ಹೆದರಿ ಬಂದವರಿಗೆ ಸ್ವಿಚ್ಚಿನ ಹಿಂದಿನ ಸಡಿಲ ವೈರು ತೋರಿಸಿ ನಕ್ಕವನು ನಾನು. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಜಟಿಂಗ ರಾಮೇಶ್ವರ ಬೆಟ್ಟದ ಈಚೆಗೆ ಕುರಿ ಸಾಕುವ ಪಾಲಯ್ಯನವರ ಮನೆಯಿದೆ. ಹೊಲದ ನಡುವೆ ಒಂಟಿ ಮನೆ, ಕರೆಂಟಿನ ಕಂಬ ಅಲ್ಲಿಗೆ ಹೋಗಿಲ್ಲ. ಅವರ ಹೆಂಡತಿ ಓಬಮ್ಮನಿಗೆ ಉಬ್ಬಸ. ಸಂಜೆಯ ತಂಪಿಗೆ ಎದೆ ಕಟ್ಟಿದರೆ ಮುಖಕ್ಕೆ ಮಾಸ್ಕ್ ಇಟ್ಟು ಔಷಧಿಯ ಆವಿ ಕೊಡುವ ಮೆಷಿನ್ ಹಾಕಲೇಬೇಕು. ಒಮ್ಮೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಕೆಯ ಉಗುರೆಲ್ಲ ನೀಲಿಗಟ್ಟಿದ್ದವಂತೆ. ಅದಾದ ಮೇಲೆಯೇ ಪಾಲಯ್ಯ ನನ್ನನ್ನು ಹುಡುಕಿಕೊಂಡು ಬಂದದ್ದು. ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು, ಒಳಗೆ ಎರಡು ಬ್ಯಾಟರಿ, ಒಂದು ಇನ್ವರ್ಟರ್ ಕೂರಿಸಿಕೊಟ್ಟೆ. ಇನ್ನು ಮೆಷಿನ್ ನಿಲ್ಲುವ ಮಾತೇ ಇಲ್ಲ ಎಂದು ಜಂಬವಾಗಿ ಹೇಳಿಯೂ ಬಂದೆ.

ಒಂದು ಶುಕ್ರವಾರ ಬ್ಯಾಟರಿಗೆ ನೀರು ಹಾಕಲು ಹೋಗಿದ್ದೆ. ಕೈ ಹಾಕುವ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಇಳಿಸುವುದು ನಮ್ಮ ಕಸುಬಿನ ರೂಢಿ. ನಾವು ಕೆಲಸದಲ್ಲಿರುವಾಗ ಬೇರೆಯವರು ಅದನ್ನು ಹಾಕಿಬಿಡಬಾರದಲ್ಲ. ಕೆಲಸ ಮುಗಿಯುವ ಹೊತ್ತಿಗೆ ಜುಮ್ಮಾ ನಮಾಜಿಗೆ ತಡವಾಗುತ್ತಿತ್ತು. ಅಲ್ಲೇ ಕೈಕಾಲು ತೊಳೆದು, ಆಸಿಡ್ ತಾಗಿದ ಅಂಗಿಯನ್ನು ಚೀಲಕ್ಕೆ ತುರುಕಿ, ಬಿಳಿ ಅಂಗಿ ತೊಟ್ಟು ರಾಂಪುರದ ಮಸೀದಿಗೆ ಗಾಡಿ ಓಡಿಸಿದೆ.

ಸೋಮವಾರ ಇಳಿಹೊತ್ತಿಗೆ ನನ್ನ ಹೆಂಡತಿ ಆ ಅಂಗಿ ನೆನೆಹಾಕುವ ಮೊದಲು ಜೇಬು ತಡಕಿದವಳು, “ಯೇ ಕ್ಯಾ ಜೀ?” ಎಂದು ಅಂಗೈ ಚಾಚಿದಳು. ಅದೇ ಫ್ಯೂಸ್. ಬ್ಯಾಟರಿಯಿಂದ ಇನ್ವರ್ಟರಿಗೆ ಅದೊಂದೇ ದಾರಿ. ಪಾಲಯ್ಯನವರ ಫೋನು ಸಿಗಲಿಲ್ಲ. ಬೆಟ್ಟದ ಮರೆಗೆ ಸಿಗ್ನಲ್ ಬರುವುದೇ ಅಪರೂಪ. ಉಟ್ಟ ಲುಂಗಿಯಲ್ಲೇ ಗಾಡಿ ಹತ್ತಿದೆ. ಆಕೆಗೇನಾದರೂ ಆಗಿದ್ದರೆ ಕೊಂದವನು ನಾನೇ ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು.

ನಾನು ಮುಟ್ಟಿದಾಗ ಹೊತ್ತು ಮುಳುಗಿತ್ತು. ಮನೆಯಲ್ಲಿ ದೀಪ ಉರಿಯುತ್ತಿತ್ತು. ಓಬಮ್ಮ ಗೋಡೆಗೊರಗಿ ಮಾಸ್ಕ್ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಮೆಷಿನ್ ಗುರ್ರೆನ್ನುತ್ತಿತ್ತು.

“ಏನ್ ಸಾಬ್ರೇ, ಹೇಳ್ದೆ ಕೇಳ್ದೆ ಬಂದ್ರಿ?” ಎಂದರು ಪಾಲಯ್ಯ. ಮೂರು ದಿನದಿಂದ ಮೋಡ ಮುಚ್ಚಿಕೊಂಡಿದ್ದರೂ ಕರೆಂಟು ಒಂದು ಸಲವೂ ಕೈಕೊಟ್ಟಿಲ್ಲವೆಂದು ನನ್ನನ್ನು ಹೊಗಳಿದರು.

ಫ್ಯೂಸಿನ ಡಬ್ಬಿ ತೆರೆದೆ. ಖಾಲಿ. ಯಾರಾದರೂ ತಂತಿಯ ಚೂರು ಸಿಕ್ಕಿಸಿರಬಹುದೆಂದು ಬೆರಳಾಡಿಸಿ ನೋಡಿದೆ, ಇರಲಿಲ್ಲ. ಇನ್ವರ್ಟರಿಗೆ ಹೋಗುವ ವೈರಿಗೆ ಮೀಟರ್ ಹಿಡಿದರೆ ಸೊನ್ನೆ. ಹಗಲಾಗಿದ್ದರೆ ಪ್ಲೇಟಿನಿಂದ ನೇರವಾಗಿ ಬರುತ್ತಿದೆ ಎನ್ನಬಹುದಿತ್ತು. ಆಮೇಲೆ ಅಂಗಡಿಯಲ್ಲಿ ಅಂಥದೇ ಇನ್ವರ್ಟರ್ ಇಟ್ಟು ಹತ್ತಾರು ಸಲ ಫ್ಯೂಸ್ ಕಿತ್ತು ನೋಡಿದ್ದೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತದೆ.

ಫ್ಯೂಸ್ ನನ್ನ ಕೈಯಲ್ಲಿತ್ತು. ಹಾಕಲು ಅರೆಗಳಿಗೆ ಸಾಕು. ಆದರೆ ಹಾಕಿದ ಕೂಡಲೇ ಮೆಷಿನ್ ನಿಂತರೆ? ಅದನ್ನು ಓಡಿಸುತ್ತಿರುವುದು ಯಾವುದೆಂದೇ ಗೊತ್ತಿಲ್ಲದೆ ಹೇಗೆ ಮುಟ್ಟುವುದು? ನನಗೆ ನಿಜವಾಗಿ ಭಯವಾಯಿತು. ಆಕೆಯ ಔಷಧಿ ಮುಗಿಯುವ ತನಕ ಗೋಡೆ ಹಿಡಿದು ನಿಂತೆ. ಓಬಮ್ಮ ಮಾಸ್ಕ್ ತೆಗೆದು, ನಿರಾಳವಾಗಿ ಉಸಿರೆಳೆದು, ಮೆಷಿನ್ ಆರಿಸಿದಳು. ಆಗ ಬಿಸ್ಮಿಲ್ಲಾ ಎಂದುಕೊಂಡು ಫ್ಯೂಸ್ ಹಾಕಿದೆ.

ದೀಪ ಆರಲಿಲ್ಲ. ಕೊಂಚ ಮಂಕಾಯಿತು, ಅಷ್ಟೇ. ಓಬಮ್ಮ ತಲೆಯೆತ್ತಿ ಅದನ್ನೇ ನೋಡಿದಳು.

“ಏನ್ ಮಾಡಿದ್ರಿ ಸಾಬ್ರೇ? ಇಷ್ಟೊತ್ತು ಚೆಂದಾಗಿ ಉರೀತಿತ್ತು.”

“ಈಗ ಸರಿಯಾಗೈತಮ್ಮ,” ಎಂದೆ. ಆಕೆಗೆ ಅಂದು ಹೇಳಿದ್ದು ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.