ಕಾಲರಕ್ಕನ ಕತ್ತು

ಬೀದಿಯಲ್ಲಿ ಯಾರ ಅಂಗಿಯ ಕಾಲರ್ ಸೊಟ್ಟಗಿದ್ದರೂ ಕಾಲರಕ್ಕನ ಕಣ್ಣಿಗೆ ಚುಚ್ಚುತ್ತಿತ್ತು. ಟೈಲರ್ ಅಂದಮೇಲೆ ಅಷ್ಟಾದರೂ ಇರಬೇಕಲ್ಲ. ಆದರೆ ಊರವರ ಕತ್ತನ್ನೆಲ್ಲ ಅಳೆದ ಮಹಾತಾಯಿ ತನ್ನ ಕತ್ತಿಗೆ ಮಾತ್ರ ಟೇಪು ಹಿಡಿಯಲಿಲ್ಲ. ಗಂಟಲ ಮುಂದೆ ಊತ ಕಂಡಾಗ ತಾನು ತೊಡುವ ಅಂಗಿಯ ಕಾಲರನ್ನು ಒಂದು ಬೆರಳು ಸಡಿಲ ಬಿಟ್ಟು ಹೊಲಿದುಕೊಂಡಳು. ಊತ ಬೆಳೆಯಿತು. ಅವಳು ಇನ್ನೊಂದು ಬೆರಳು ಬಿಟ್ಟಳು.

ಮೊದಲೊಮ್ಮೆ ಡಾಕ್ಟರಿಗೆ ತೋರಿಸಿದ್ದುಂಟು. "ಥೈರಾಯ್ಡ್ ಗ್ರಂಥಿ ದಪ್ಪ ಆಗಿದೆ ಅಷ್ಟೇ. ರಕ್ತಪರೀಕ್ಷೆ ಸರಿ ಇದೆ, ಈಗ ಔಷಧಿ ಏನೂ ಬೇಡ. ಆಗಾಗ ಬಂದು ತೋರಿಸಿ. ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ತಡ ಮಾಡಬೇಡಿ, ಆಪರೇಷನ್ ಬೇಕಾಗತ್ತೆ" ಎಂದಿದ್ದರು. ಆಪರೇಷನ್ನಿನಿಂದ ದನಿ ಕೆಡುತ್ತದೆಯೇ ಎಂದು ಇವಳು ಕೇಳಿದ್ದಕ್ಕೆ, "ಅಪರೂಪಕ್ಕೆ" ಎಂದಿದ್ದರು. ಅವಳ ಕಿವಿಯಲ್ಲಿ ಉಳಿದದ್ದು ಅದೊಂದೇ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ದನಿಯ ಚಿಂತೆ ತನಗಾಗಿ ಅಲ್ಲ. ಗಂಡನೂ ಟೈಲರೇ. ಕಣ್ಣು ಹೋದ ಮೇಲೆ ಬೆರಳ ಅಂದಾಜಿನಲ್ಲೇ ಗುಂಡಿ ಹಚ್ಚುತ್ತಿದ್ದ. "ರೀ, ಎಡಗಡೆ ಸ್ಟೂಲಿದೆ", "ಎದುರುಮನೆಯವರು ಬಾಗಿಲಿಗೆ ಹಸಿರು ಬಳಿಸಿದ್ದಾರೆ, ನೋಡೋಕಾಗಲ್ಲ" ಎಂದು ಇಡೀ ಲೋಕ ಅವಳ ಬಾಯಿಂದಲೇ ಅವನನ್ನು ತಲುಪಬೇಕಿತ್ತು. ಹಾಗಾಗಿ ತುತ್ತು ಗಂಟಲಲ್ಲಿ ನಿಂತರೂ, ಮಲಗಿದರೆ ಉಸಿರು ಕಟ್ಟಿದರೂ ತುಟಿ ಬಿಚ್ಚಲಿಲ್ಲ. ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅವನು ಕೇಳಿದರೆ ಬೆನ್ನುನೋವು ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಗುಂಡಿ ಹಚ್ಚಲು ಕೊಟ್ಟ ರಾಶಿಯಲ್ಲಿ ಅವಳದೇ ಹೊಸ ಅಂಗಿ ಸೇರಿಹೋಯಿತು. ಅವನ ಬೆರಳು ತೋಳು ಸವರಿ, ಭುಜ ಸವರಿ, ಕಾಲರಿಗೆ ಬಂದು ನಿಂತಿತು.

"ಇವಳೇ, ಇದು ಯಾರದು?"

"ಗಿರಾಕಿದು ರೀ."

"ತೋಳು ನಿಂದು, ಭುಜ ನಿಂದು. ಕತ್ತು ಮಾತ್ರ ಯಾರದು?"

ಅವನು ತಡವುತ್ತ ಬಂದು ಅವಳ ಗಂಟಲು ಮುಟ್ಟಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಅಳುತ್ತಲೇ ಎಲ್ಲವನ್ನೂ ಹೇಳಿದಳು.

"ನನ್ನ ದನಿ ಹೋದ್ರೆ ನಿಮಗೆ ಯಾರು ಗತಿ?"

"ದನಿ ಹೋದ್ರೆ ನನ್ನ ಅಂಗೈ ಮೇಲೆ ಬರಿ, ಓದ್ಕೋತೀನಿ. ನೀನೇ ಹೋದ್ರೆ? ನಡಿ, ಚಪ್ಪಲಿ ಹಾಕ್ಕೋ."

ಗ್ರಂಥಿ ಉಸಿರಿನ ಕೊಳವೆಯನ್ನೇ ಒತ್ತುತ್ತಿದೆ, ತೆಗೆಯಲೇಬೇಕು ಎಂದರು ಡಾಕ್ಟರು. ತಡವಾದುದಕ್ಕೆ ನಾಲ್ಕು ಮಾತು ಬೈದರು. ಬೈಸಿಕೊಳ್ಳಬೇಕಾದ್ದೇ.

ಆಪರೇಷನ್ನಿನ ಮರುದಿನ ಗಂಡ ಗೋಡೆ ಹಿಡಿದು ವಾರ್ಡಿನೊಳಗೆ ಬಂದ. ಅವಳಿನ್ನೂ ಒಂದು ಮಾತೂ ಆಡಿರಲಿಲ್ಲ. ಆಡಲು ಹೆದರಿಕೆ. ಅವನ ಕಾಲು ಮಂಚದ ಪಕ್ಕದ ಸ್ಟೂಲಿಗೆ ಇನ್ನೇನು ತಗಲಬೇಕು.

"ರೀ, ಎಡಗಡೆ ಸ್ಟೂಲಿದೆ."

ದನಿ ಒಡೆದಿತ್ತು, ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿತು. ಆದರೂ ಅವಳದೇ. ಅವನು ನಿಂತಲ್ಲೇ ನಿಂತ. ಕೆನ್ನೆ ಒರೆಸಿಕೊಳ್ಳುವುದೂ ಅವನಿಗೆ ತೋಚಲಿಲ್ಲ.

"ಇನ್ನೊಂದ್ಸಲ ಹೇಳು" ಎಂದ.