ಕೊಂಡಜ್ಜಿಯಿಂದ ಬರುತ್ತಿದ್ದ ಕಾರ್ಡುಗಳು

ಎಣ್ಣೆಗಾಯಿ ಮಾಡುವ ಬದನೆಗೆ ತೊಟ್ಟು ಇರಲೇಬೇಕು. ತೊಟ್ಟು ಕಿತ್ತರೆ ಕಾಯಿ ಸೀಳು ಸೀಳಾಗಿ ಬಿಚ್ಚಿಕೊಂಡು ಒಳಗಿನ ಮಸಾಲೆಯೆಲ್ಲ ಎಣ್ಣೆಯ ಪಾಲಾಗುತ್ತದೆ. ಇದನ್ನು ನಾನು ಮಾಲತೇಶನಿಗೆ ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಬದನೆಕಾಯಿ ಕೈಯಲ್ಲಿ ಹಿಡಿದು ತೋರಿಸಿದ್ದೆ. ಆದರೂ ಆ ಗುರುವಾರದ ಪತ್ರಿಕೆಯಲ್ಲಿ ಅವನ ಚಿತ್ರಕಥೆಯ ಅಜ್ಜಿ ತೊಟ್ಟುಗಳನ್ನು ಕಿತ್ತು ಕಿತ್ತು ಹಿತ್ತಲಿಗೆ ಎಸೆಯುತ್ತಿದ್ದಳು! ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಿರ್ಮಲಮ್ಮನ ಖಾನಾವಳಿ ಯಾವುದು ಅಂದರೆ ಯಾರಾದರೂ ನನ್ನ ಬಾಗಿಲು ತೋರಿಸುತ್ತಾರೆ. ಮಾಲತೇಶ ನನ್ನ ಎದುರಿನ ಶೆಡ್ಡಿನಲ್ಲಿ ಬೋರ್ಡ್ ಬರೆಯುತ್ತಿದ್ದವನು. ಮೂವತ್ತೈದರ ಆಸುಪಾಸು, ಉಗುರಿನ ಸಂದಿಯಲ್ಲಿ ಯಾವತ್ತೂ ಬಣ್ಣ. ತೊಂಬತ್ತೇಳರಲ್ಲಿ ದಾವಣಗೆರೆ ಜಿಲ್ಲೆಯಾಯಿತಲ್ಲ, ಆಗ ಅವನ ಕೈಗೆ ಬಿಡುವೇ ಇರಲಿಲ್ಲ. ಇಲ್ಲಿಯೂ ಹರಿಹರದಲ್ಲಿಯೂ ಇದ್ದಬದ್ದ ಬೋರ್ಡುಗಳ ಮೇಲಿನ ‘ಚಿತ್ರದುರ್ಗ ಜಿಲ್ಲೆ’ ಅಳಿಸಿ ‘ದಾವಣಗೆರೆ ಜಿಲ್ಲೆ’ ಎಂದು ಬರೆಯಬೇಕಿತ್ತು. ಅದೇ ಸುಮಾರಿಗೆ ಅವನು ಎರಡು ಹೊತ್ತಿನ ಊಟಕ್ಕೂ ನನ್ನಲ್ಲಿಗೆ ಬರತೊಡಗಿದ. "ಹೆಂಡ್ತಿ ತೌರಿಗೆ ಹೋಗ್ಯಾಳಕ್ಕಾ, ಕೊಂಡಜ್ಜಿಗೆ" ಅಂದ. ಬಾಣಂತನಕ್ಕೇನೋ ಅಂದುಕೊಂಡು ಸುಮ್ಮನಾದೆ. ವರ್ಷವಾಗುತ್ತ ಬಂದರೂ ಪೇಡೆ ಬರಲಿಲ್ಲ.

ಮರುವರ್ಷ ನಮ್ಮೂರಿನದೇ ಒಂದು ವಾರಪತ್ರಿಕೆಯಲ್ಲಿ ಅವನ ಚಿತ್ರಕಥೆ ಶುರುವಾಯಿತು. ಹೆಸರು ‘ಕಾಡಂಚಿನ ಖಾನಾವಳಿ’. ವಾರಕ್ಕೆ ಆರು ಚೌಕ. ಕಾಡಿನ ಅಂಚಿನಲ್ಲಿ ಗುಂಡಜ್ಜಿ ಅನ್ನುವ ಮುದುಕಿ ಇದ್ದಾಳೆ, ಅವಳ ಒಲೆಗೆ ಮಾತು ಬರುತ್ತದೆ. ಹಸಿದವರು ಯಾರೇ ಬಂದರೂ ಅಲ್ಲಿ ಉಂಡು ಹೋಗಬೇಕು. ಒಂದು ವಾರ ಮಳೆಮೋಡ ಕೆಳಗಿಳಿದು ಬಂದು ಮೆಣಸಿನಕಾಯಿ ಬಜ್ಜಿ ತಿಂದು, ಖಾರ ತಡೆಯದೆ ಸೀನಿ, ಊರಿಗೆಲ್ಲ ಮಳೆ. ಇನ್ನೊಂದು ವಾರ ಹಲ್ಲುಬಿದ್ದ ದೆವ್ವಕ್ಕೆ ಅಜ್ಜಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟಳು. ಗುಂಡಜ್ಜಿಯ ಮೂಗು ನನ್ನದೇ ಮೂಗು. ಇರಲಿ, ಮೂಗಿನ ವಿಷಯಕ್ಕೆ ನಾನು ಜಗಳ ತೆಗೆಯಲಿಲ್ಲ. ಆದರೆ ಮೂಗು ನನ್ನದಾದ ಮೇಲೆ ಅಡುಗೆಯೂ ನನ್ನದೇ ಎಂದು ಗಿರಾಕಿಗಳು ತಿಳಿಯುತ್ತಾರೋ ಇಲ್ಲವೋ? "ಏನ್ರೀ ಅಮ್ಮಾರೇ, ಇವತ್ತು ತೊಟ್ಟಿಲ್ಲದ ಎಣ್ಣೆಗಾಯೇನು?" ಎಂದು ಹನುಮಂತಪ್ಪ ಮೇಷ್ಟ್ರು ತಟ್ಟೆ ಮುಂದೆ ಕೂತು ನಕ್ಕರು. ನಾನು ಪೇಪರು ಹಿಡಿದು ರಸ್ತೆ ದಾಟಿದೆ.

"ಕಣ್ಣು ಕಾಣಲ್ಲೇನೋ ನಿಂಗೆ? ಹೋದ ತಿಂಗ್ಳು ಮಂಡಕ್ಕಿ ನೀರಾಗೆ ಹಾಕಿಟ್ಟು ಅಜ್ಜಿ ಈರುಳ್ಳಿ ಹೆಚ್ಚಾಕೆ ಕೂತ್ಲು. ಅಷ್ಟೊತ್ತು ನೆನೆದ್ರೆ ಅದು ಮಂಡಕ್ಕಿನಾ, ಅಂಬಲಿನಾ? ನಾನು ಹಂಗೆ ಹೇಳಿದ್ನಾ?"

"ಇಲ್ಲಕ್ಕಾ. ನೀವು ಸರಿಯಾಗೇ ಹೇಳಿದ್ರಿ."

"ಮತ್ತೆ ಯಾಕ ಹಿಂಗೆ ಬರ್ದೆ?"

"ಬೇಕಂತ್ಲೇ ಬರ್ದೆ."

ನಾನು ಬಾಯಿ ತೆರೆಯುವ ಮೊದಲೇ ಅವನು ಬ್ರಶ್ಶು ಇಡುವ ಡಬ್ಬಿಯಿಂದ ನಾಲ್ಕು ಪೋಸ್ಟ್ ಕಾರ್ಡ್ ತೆಗೆದು ಕೊಟ್ಟ. ನಾಲ್ಕೂ ಪತ್ರಿಕೆಯ ವಿಳಾಸಕ್ಕೆ ಬಂದವು. ಮೊದಲನೆಯದನ್ನು ಓದಿದೆ. ‘ಮಾನ್ಯ ಸಂಪಾದಕರಿಗೆ. ರೊಟ್ಟಿ ಹಂಚಿಗೆ ಹಾಕಿದ ಕೂಡಲೇ ಮೇಲಿನ ಮಗ್ಗುಲಿಗೆ ನೀರು ಸವರಬೇಕು. ನಿಮ್ಮ ಗುಂಡಜ್ಜಿ ಮಗುಚಿದ ಮೇಲೆ ಸವರುತ್ತಾಳೆ. ಹಾಗೆ ಮಾಡಿದರೆ ರೊಟ್ಟಿ ಉಬ್ಬುವುದಿಲ್ಲ. ಬರೆಯುವವರು ತಿಳಿದು ಬರೆಯಲಿ. ಇಂತಿ, ಒಬ್ಬ ಓದುಗಿ, ಕೊಂಡಜ್ಜಿ.’

"ನನ್ನ ಹೆಂಡ್ತಿ ರೇವತಿ ಅಕ್ಷರ ನಂಗೆ ಗೊತ್ತಾಗಲ್ವೇನಕ್ಕಾ?" ಅಂದ. "ಮೊದಲ್ನೇ ಸಲ ನಿಜವಾಗ್ಲೂ ತಪ್ಪಿದ್ದೆ. ಕಾರ್ಡ್ ಬಂತು. ಸರಿ ಬರ್ದ ವಾರ ಕಾರ್ಡಿಲ್ಲ. ತಪ್ಪು ಬರ್ದ ವಾರ ಬರ್ತೈತೆ."

ಅಯ್ಯೋ ಶಿವನೇ! ನನ್ನ ಮರ್ಯಾದೆ ಹರಾಜು ಹಾಕಿ ಇವನು ಹೆಂಡತಿಯ ಕೈಬರಹ ತರಿಸಿಕೊಳ್ಳುತ್ತಿದ್ದ.

ಅವಳು ಯಾಕೆ ಹೋದಳು ಎಂದು ಕೂರಿಸಿಕೊಂಡು ಕೇಳಿದೆ. ಜಿಲ್ಲೆಯಾದ ಹೊಸದರಲ್ಲಿ, ಕೆಲಸ ಬಂದ ಖುಷಿಗೆ, ಮುಂಚೆ ಹೇಳದೆ ಕೇಳದೆ ಐದಾರು ಜನರನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋಗಿದ್ದಾನೆ. ರೇವತಿ ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದಿದ್ದಾಳೆ. ಒಂದು ಸೀದಿತ್ತು. ಇವನು ಅದನ್ನು ಎಲ್ಲರೆದುರು ಎತ್ತಿ ಹಿಡಿದು, ಬೆರಳಲ್ಲಿ ಟಣ್ ಟಣ್ ಬಡಿದು, "ಇದು ರೊಟ್ಟಿನೋ, ನನ್ನ ಬೋರ್ಡಿನ ತಗಡೋ?" ಅಂದಿದ್ದಾನೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ. ಅವಳು ಪೂರ್ತಿ ಬಡಿಸಿ, ಪಾತ್ರೆ ತೊಳೆದಿಟ್ಟು, ಮಾರನೆಯ ದಿನ ಮೊದಲನೇ ಬಸ್ಸಿಗೆ ಹೋದಳು.

"ಒಂದ್ಸಲ ಕರ್ಕೊಂಡು ಬರಾಕೆ ಹೋಗಿದ್ದೆ. ‘ಅಂಥಾದ್ದೇನಂದೆ ನಾನು, ತಮಾಷೆಗಂದಿದ್ದು’ ಅಂದೆ. ಒಂದು ಚೊಂಬು ನೀರು ಕೊಟ್ಟು ಒಳಗೆ ಹೋದ್ಲು."

"ನಾನಾಗಿದ್ರೆ ಆ ನೀರನ್ನೂ ಕೊಡ್ತಿರ್ಲಿಲ್ಲ" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹಾಗಂತ ಅವನ ಮುಖ ನೋಡಿ ಅಯ್ಯೋ ಅನಿಸದೆಯೂ ಇರಲಿಲ್ಲ.

ಇದಾಗಿ ಹತ್ತು ದಿನಕ್ಕೆ ಸಂಪಾದಕ ಕೊಟ್ಟೂರೇಶ್ ನನ್ನ ಖಾನಾವಳಿಗೇ ಬಂದು, ಮಾಲತೇಶನ ಪಕ್ಕ ಕೂತು, ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತ ಹೇಳಿದರು. "ನಿನ್ನ ಕಥೆ ಮುಂದಕ್ಕೇ ಹೋಗ್ತಿಲ್ಲಪ್ಪ. ಯಾರೋ ಬರ್ತಾರೆ, ಉಣ್ತಾರೆ, ಹೋಗ್ತಾರೆ. ಒಬ್ಬ ರಾಕ್ಷಸ ಬಂದು ಒಲೆನಾದ್ರೂ ಕದ್ಕೊಂಡು ಹೋಗ್ಲಿ! ಇನ್ನೆರಡು ಕಂತು ಕೊಡ್ತೀನಿ, ಮುಗಿಸಿಬಿಡು."

ಮಾಲತೇಶನ ಕೈ ತಟ್ಟೆಯಲ್ಲೇ ನಿಂತಿತು. ಕಥೆ ಮುಗಿದರೆ ಕಾರ್ಡೂ ಮುಗಿಯುತ್ತದೆ. ಸಂಪಾದಕರು ಕೈ ತೊಳೆಯಲು ಎದ್ದ ಮೇಲೆ, "ಎರಡ್ರಾಗೂ ದೊಡ್ಡ ದೊಡ್ಡ ತಪ್ಪು ಹಾಕ್ಲೇನಕ್ಕಾ?" ಎಂದು ಕೇಳಿದ.

"ಬ್ಯಾಡ" ಅಂದೆ. "ಕಥೆ ಮುಂದಕ್ಕೆ ಹೋಗಲ್ಲ ಅಂತಾರಲ್ಲ, ಹೆಂಗೆ ಹೋಗ್ತೈತೆ? ನೀನೇ ಅವತ್ತಿನ ಊಟದ ಹತ್ರ ನಿಂತುಬಿಟ್ಟೀಯ. ಒಂದು ಕಂತು ತಪ್ಪಿಲ್ಲದಂಗೆ ಬರಿ. ನಾನು ಹೇಳಿದ್ದು ಕೇಳ್ಕೊಂಡಲ್ಲ, ನೀನೇ ರೊಟ್ಟಿ ಬಡಿದು ಬರಿ. ನಾಳೆ ಬೆಳಗ್ಗೆ ಆರಕ್ಕೆ ಬಾ."

ಬಂದ. ಬಿಸಿನೀರಿನಲ್ಲಿ ಹಿಟ್ಟು ನಾದುವಾಗ ಬೆರಳು ಸುಟ್ಟುಕೊಂಡ. ಹಿಟ್ಟನ್ನು ಹಲಗೆಯ ಮೇಲಿಟ್ಟು ಬಡಿದರೆ ಅಂಚೆಲ್ಲ ಬಿರಿದು ಹೊಸ ಜಿಲ್ಲೆಯ ನಕಾಶೆಯಂತಾಯಿತು. ನಾನು ಹರಿಹರ ಎಲ್ಲಿದೆ ಎಂದು ಕೇಳಿದೆ, ಅವನಿಗೆ ನಗು ಬರಲಿಲ್ಲ. ಎರಡನೆಯ ದಿನ ಹಂಚಿಗೆ ಹಾಕುವಾಗ ಹರಿದುಹೋಯಿತು. ನಾಲ್ಕನೆಯ ದಿನ ಸೀದಿತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದ. ನನ್ನ ನಾಲಗೆ ತುದಿಗೆ ತಗಡಿನ ಮಾತು ಬಂದಿತ್ತು, ನುಂಗಿಕೊಂಡೆ. ಎಂಟನೆಯ ದಿನಕ್ಕೆ ಒಂದು ರೊಟ್ಟಿ ಪೂರ್ತಿ ಉಬ್ಬಿತು.

ಕೊನೆಯ ಎರಡು ಕಂತು ಬಂದವು. ಗುಂಡಜ್ಜಿಯ ಖಾನಾವಳಿಗೆ ಒಬ್ಬ ಮನುಷ್ಯ ಬರುತ್ತಾನೆ, ಅವನ ನಾಲಗೆ ತಗಡಾಗಿಬಿಟ್ಟಿದೆ. ಏನು ತಿಂದರೂ ತಗಡಿನ ರುಚಿ. ರೊಟ್ಟಿ ಬಡಿದವಳನ್ನು ಹಂಗಿಸಿ ನಕ್ಕ ದಿನದಿಂದ ಹೀಗೆ ಎನ್ನುತ್ತಾನೆ. ಆಗ ಒಲೆ ಹೇಳುತ್ತದೆ: ‘ಅಜ್ಜಿ ಮಾಡಿಕೊಟ್ಟರೆ ಇದು ವಾಸಿಯಾಗುವುದಿಲ್ಲ. ನೀನೇ ಬಡಿ. ಯಾರನ್ನು ಅಂದೆಯೋ ಅವರಿಗೆ ಬಡಿಸು.’ ಕಡೆಯ ಕಂತಿನ ಐದು ಚೌಕಗಳಲ್ಲಿ ಅವನು ರೊಟ್ಟಿ ಮಾಡುತ್ತಾನೆ. ಆರನೆಯದರಲ್ಲಿ ತಟ್ಟೆಯಲ್ಲಿ ರೊಟ್ಟಿ ಇದೆ, ಉಣ್ಣಲು ಕೂರುವ ಮಣೆ ಖಾಲಿ ಇದೆ, ಅವನು ಪಕ್ಕದಲ್ಲಿ ಕಾಯುತ್ತ ನಿಂತಿದ್ದಾನೆ. ಅಷ್ಟೇ, ಮುಗಿಯಿತು.

"ಇದೇನು ಮುಕ್ತಾಯನಯ್ಯಾ? ಅವಳು ಬಂದ್ಲೋ ಇಲ್ವೋ?" ಎಂದು ಸಂಪಾದಕರು ಕೂಗಾಡಿದರಂತೆ.

"ಗೊತ್ತಿಲ್ಲ ಸಾರ್" ಅಂದನಂತೆ ಇವನು.

ಆ ವಾರ ಕಾರ್ಡ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಾಲತೇಶ ದಿನಾ ಪತ್ರಿಕೆಯ ಆಫೀಸಿಗೆ ಹೋಗಿ ಕೇಳಿ ಬರುತ್ತಿದ್ದ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ತಪ್ಪಿಲ್ಲದಂತೆ ಬರಿ ಎಂದು ಬುದ್ಧಿ ಹೇಳಿದವಳು ನಾನೇ ತಾನೇ. ಇದ್ದೊಂದು ದಾರಿಯನ್ನೂ ನಾನೇ ಮುಚ್ಚಿಸಿದೆನೇನೋ ಅನಿಸುತ್ತಿತ್ತು.

ಮೂರನೆಯ ಸೋಮವಾರ ಮಧ್ಯಾಹ್ನ, ಊಟದ ಗದ್ದಲದ ಹೊತ್ತಿನಲ್ಲಿ, ಕೈಚೀಲ ಹಿಡಿದ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು.

"ಬಾರಮ್ಮ, ಕೂಡ್ರು. ಊಟಕ್ಕಾ?" ಅಂದೆ.

ಅವಳು ನನ್ನ ಮೂಗನ್ನೊಮ್ಮೆ ನೋಡಿ, ಚೀಲದಿಂದ ಮಡಚಿದ ಪೇಪರು ತೆಗೆದು ನನ್ನ ಮುಂದೆ ಹರಡಿದಳು. ಕಡೆಯ ಕಂತು. ಮೂರನೆಯ ಚೌಕದ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡ್ರಿ ಅಮ್ಮಾ, ಅಂಚು ಬಿರಿಬಾರ್ದು ಅಂತ ಎಡಗೈ ಒತ್ತು ಕೊಟ್ಟಾರೆ. ಇದನ್ನ ಯಾರೂ ಬಾಯಾಗೆ ಹೇಳಲ್ಲ. ಬಡಿದವ್ರಿಗೇ ಗೊತ್ತು." ಪೇಪರು ಮಡಚುತ್ತ ಮತ್ತೆ ಹೇಳಿದಳು. "ಎರಡು ವಾರ ಹುಡುಕಿದೆ. ಒಂದು ತಪ್ಪೂ ಸಿಗ್ಲಿಲ್ಲ. ಕಾರ್ಡಿನಾಗೆ ಬರೆಯಾಕೆ ಏನೂ ಇರ್ಲಿಲ್ಲ. ಅದಕ್ಕೇ ಬಂದೆ."

ನಾನು ಬಾಗಿಲಿಗೆ ಹೋಗಿ ಎದುರಿನ ಶೆಡ್ಡಿಗೆ ಕೇಳುವಂತೆ ಮಾಲತೇಶನನ್ನು ಕೂಗಿದೆ. ಏಣಿ ಇಳಿದು ಬಂದವನು ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತ. ಸೀದಾ ಅಡುಗೆಮನೆಗೆ ಹೋಗಿ ಸೀಮೆಎಣ್ಣೆ ಹಾಕಿ ಕೈಯ ಬಣ್ಣ ಉಜ್ಜಿದ, ಸೋಪಿನಲ್ಲಿ ಮೂರು ಸಲ ತೊಳೆದ, ಹಿಟ್ಟು ಎಳೆದುಕೊಂಡು ಕೂತ. ಎಂಟು ದಿನ ಕಲಿತದ್ದೆಲ್ಲ ಆ ಹೊತ್ತಿಗೆ ಕೈಕೊಟ್ಟಿತು. ಮೊದಲನೇ ರೊಟ್ಟಿಯೇ ಸೀದುಹೋಯಿತು. ಅದನ್ನು ಬುಟ್ಟಿಯ ಅಡಿಗೆ ಸರಿಸಿ, ಎರಡನೆಯದನ್ನು ತಟ್ಟೆಗೆ ಹಾಕಿಕೊಂಡು ತಂದ.

ರೇವತಿ ಅಡುಗೆಮನೆ ಕಾಣುವ ಹಾಗೆಯೇ ಕೂತಿದ್ದಳು. "ಅದಲ್ಲ, ಅಡಿಗಿಟ್ರಲ್ಲ, ಅದು ತರ್ರಿ" ಅಂದಳು.

ಅವನು ಸೀದ ರೊಟ್ಟಿ ತಂದು ಹಾಕಿದ. ಹನುಮಂತಪ್ಪ ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಅವಳು ಅದನ್ನು ಎತ್ತಿ ಹಿಡಿಯಲಿಲ್ಲ, ಬೆರಳಲ್ಲಿ ಬಡಿಯಲಿಲ್ಲ. ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು, ಕರಿಕಾದ ಅಂಚನ್ನೂ ಬಿಡದೆ ಪೂರ್ತಿ ತಿಂದಳು. ಮಾಲತೇಶ ಪಕ್ಕದಲ್ಲಿ, ಆರನೆಯ ಚೌಕದಲ್ಲಿ ನಿಂತ ಹಾಗೆಯೇ ನಿಂತಿದ್ದ.

ನೀರು ಕುಡಿದು ಅವಳು ತಟ್ಟೆಯನ್ನು ಸ್ವಲ್ಪ ಅವನ ಕಡೆಗೆ ಸರಿಸಿದಳು.

"ಇನ್ನೊಂದು ಹಾಕ್ರಿ" ಅಂದಳು.