ಕಚ್ಚಿ ನೋಡುವ ಜಮಾಲಸಾಬರು
ಕೊಟ್ಟೂರಿನ ಬಡಗಿ ಜಮಾಲಸಾಬರು ಕಚ್ಚಿ ನೋಡದೆ ಕಟ್ಟಿಗೆ ಮುಟ್ಟಿದವರಲ್ಲ. ಹಾರ್ಮೋನಿಯಂ ರಿಪೇರಿಗೆ ಬಂದರೂ ಮೊದಲು ಅದರ ಮೂಲೆಗೆ ಹಲ್ಲೂರಿ ಕಣ್ಣು ಮುಚ್ಚುವರು. ಓಣಿಯ ಗೆದ್ದಲೆಲ್ಲ ಇವರಿಗೆ ಹೆದರಿ ಊರು ಬಿಟ್ಟಿವೆಯೆಂದು ಜನ ನಗುತ್ತಿದ್ದರು. ಗಿರಾಕಿಯ ಒಂದೊಂದು ಮಾತನ್ನೂ ಎತ್ತಿಕೊಂಡು ಗಂಡನನ್ನು ಓಣಿಗೆಲ್ಲ ಕೇಳುವಂತೆ ಬೈಯುವ ಹಾಜಿರಾ ಬೀಗೆ ಗಯ್ಯಾಳಿಯೆಂಬ ಹೆಸರು ಬಿದ್ದಿತ್ತು. ಕೂಡ್ಲಿಗಿಯ ಆರ್ಕೆಸ್ಟ್ರಾದ ನಾಗೇಂದ್ರಪ್ಪ ಗಿಟಾರು ಮಾಡಿಸಲು ಬಂದಾಗಲೂ ಅವಳದು ಅಷ್ಟೇ: "ಬೇಸ್ ಗಿಟಾರಂತ, ಕರೆಂಟಿಂದಂತ! ಮಾಡಾಕ ಬರತೈತೇನು ನಿಮಗ?" ಸಾಬರು ಹಲಸಿನ ಹಲಗೆ ಕೊರೆದರು, ಹಳೆ ರೇಡಿಯೋದ ಅಯಸ್ಕಾಂತಕ್ಕೆ ಮೋಟಾರಿನ ತಾಮ್ರದ ತಂತಿ ಸುತ್ತಿದರು, ಕೊರಳಿನ ಮೇಲೆ ಸ್ವರದ ಜಾಗ ತೋರಿಸುವ ಪಟ್ಟಿಗಳನ್ನು ಮಾತ್ರ ಹೊಡೆಯಲಿಲ್ಲ. "ಸಾರಂಗಿಗಿ ಪಟ್ಟಿ ಇರತಾವೇನ್ರಿ? ಬೆರಳಿಗ್ಯಾಕ ಬೇಲಿ?" ಎಂದರು. ನಾಗೇಂದ್ರಪ್ಪ ಸ್ಪೀಕರಿಗೆ ವೈರು ಚುಚ್ಚಿ ಮೀಟಿದ. ಗೋಡೆಗೆ ತೂಗುಹಾಕಿದ ಗರಗಸಗಳೆಲ್ಲ ನಡುಗಿದವು. ಸಾಬರ ಮುಖದಲ್ಲಿ ಏನೂ ಮೂಡಲಿಲ್ಲ. ಚೀರಿ ಹೇಳಿದರಷ್ಟೇ ಕೇಳುವ ಆ ಕಿವಿಗಳ ಗುಟ್ಟು ಗೊತ್ತಿದ್ದುದು ಹಾಜಿರಾ ಬೀ ಒಬ್ಬಳಿಗೇ. ಇಷ್ಟು ದಿನದ ಬೈಗುಳವೆಲ್ಲ ಅದಕ್ಕೆ ಹೊದಿಸಿದ ಚಾದರ. ಹೊರಗೆ ಗೊತ್ತಾದರೆ ವಾದ್ಯ ರಿಪೇರಿಗೆ ಯಾರು ಬಂದಾರು? ಸಾಬರು ಬಾಗಿ ಗಿಟಾರಿನ ತಲೆ ಕಚ್ಚಿ, ಇನ್ನೊಮ್ಮೆ ಮೀಟೆಂದು ಕೈಸನ್ನೆ ಮಾಡಿದರು. ಕಣ್ಣು ಮುಚ್ಚಿ, ತಂತಿಯ ನಡುಕವನ್ನು ಹಲ್ಲಿನಿಂದಲೇ ಕೇಳಿದರು. "ದಪ್ಪ ತಂತಿ ಒಂಚೂರು ಇಳದೈತಿ, ಬಿಗೀರಿ." ನಾಗೇಂದ್ರಪ್ಪ ಬಿಗಿದು ಮೀಟಿ, "ಹೌದಲ್ರೀ ಸಾಬ್ರ!" ಎಂದ. ಹಾಜಿರಾ ಬೀ ಆ ಮಾತನ್ನು ಎತ್ತಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಚಾ ಇಡತೀನಿ" ಎಂದಳು. ಅವತ್ತು ಓಣಿಗೆ ಅವಳ ದನಿ ಕೇಳಿಸಲಿಲ್ಲ.